ಅರವತ್ತು ದಾಟಿದ ಮೇಲೆ ಹಲ್ಲು ಕಟ್ಟಿಸುವುದು: ಸೆಟ್ಟೋ, ಬ್ರಿಡ್ಜೋ, ಇಂಪ್ಲಾಂಟೋ?

ಕೆಳದವಡೆಯ ದೊಡ್ಡ ಹಲ್ಲು ಕೀಳಿಸಿಕೊಂಡು ಬಂದವರ ನಾಲಿಗೆ ಒಂದು ವಾರ ಆ ಗುಂಡಿಯನ್ನೇ ತಡಕುತ್ತಿರುತ್ತದೆ. ತಿಂಗಳು ಕಳೆದರೆ ಮರೆತೇ ಹೋಗುತ್ತದೆ. ‘ಒಂದು ಹಲ್ಲು ತಾನೆ, ಆ ಕಡೆಯಿಂದ ಅಗಿದ್ರಾಯ್ತು’ ಎಂದು ತೋಟಕ್ಕೆ ಹೊರಟುಬಿಡುತ್ತಾರೆ. ಅಷ್ಟರಲ್ಲಿ ಬಾಯಿಯೊಳಗೆ ಮೂರು ಕೆಲಸ ಸದ್ದಿಲ್ಲದೆ ಶುರುವಾಗಿರುತ್ತವೆ. ಖಾಲಿ ಜಾಗದ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ. ಮೇಲ್ದವಡೆಯಲ್ಲಿ ಅದಕ್ಕೆ ಜೋಡಿಯಾಗಿದ್ದ ಹಲ್ಲು, ಎದುರು ತಡೆಯಿಲ್ಲದ್ದರಿಂದ, ಮೆಲ್ಲಗೆ ಕೆಳಗಿಳಿಯುತ್ತದೆ. ಬೇರನ್ನು ಹಿಡಿದುಕೊಂಡಿದ್ದ ಮೂಳೆ ಕೆಲಸವಿಲ್ಲದೆ ಕರಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಸುಮಾರು ಅರ್ಧಕ್ಕಿಳಿಯುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ನಾಲ್ಕು ತಿಂಗಳಲ್ಲಿ. ಐದು ವರ್ಷ ಬಿಟ್ಟು ‘ಈಗ ಹಲ್ಲು ಕಟ್ಟಿಸೋಣ’ ಎಂದು ಬಂದರೆ ಜಾಗವೂ ಸಾಲದು, ಮೂಳೆಯೂ ಸಾಲದು ಎಂಬ ಪರಿಸ್ಥಿತಿ.

ಹಾಗೆಂದು ಹೋದ ಪ್ರತಿ ಹಲ್ಲನ್ನೂ ಕಟ್ಟಿಸಲೇಬೇಕೆಂದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಕ್ಲಿನಿಕ್ಕಿನಲ್ಲಿ ಈ ಮಾತು ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಮೇಲೆ ಹತ್ತು, ಕೆಳಗೆ ಹತ್ತು, ಹೀಗೆ 20 ಹಲ್ಲು ಗಟ್ಟಿಯಾಗಿದ್ದು ಒಂದಕ್ಕೊಂದು ಕೂಡಿದರೆ ವಯಸ್ಸಾದವರ ಊಟಕ್ಕೆ, ಮಾತಿಗೆ ಸಾಮಾನ್ಯವಾಗಿ ಸಾಕು. ಹೋದದ್ದು ತುತ್ತತುದಿಯ ದವಡೆ ಹಲ್ಲಾಗಿದ್ದು, ಅದರ ಜೋಡಿ ಹಲ್ಲೂ ಇಲ್ಲವೆಂದರೆ ಸುಮ್ಮನಿರುವುದು ಸೋಮಾರಿತನವಲ್ಲ, ಒಳ್ಳೆಯ ನಿರ್ಧಾರವೇ. ಮುಂದಿನ ಬಾಚಿ ಹಲ್ಲು ಹೋಗಿದ್ದರೆ, ಅಥವಾ ಅಗಿಯುವ ಭಾರವೆಲ್ಲ ಬೀಳುವ ಮೊದಲ ದವಡೆ ಹಲ್ಲು ಹೋಗಿ ಹಿಂದೆ ಇನ್ನೊಂದು ಹಲ್ಲು ನಿಂತಿದ್ದರೆ ಮಾತ್ರ ಯೋಚಿಸಬೇಕು.

ಯೋಚಿಸುವಾಗ ಎಲ್ಲರೂ ಕೇಳುವ ಪ್ರಶ್ನೆ, ‘ಯಾವುದು ಜಾಸ್ತಿ ಬಾಳಿಕೆ ಬರುತ್ತೆ?’ ಎಪ್ಪತ್ತರ ಬಾಯಿಗೆ ಇದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿದೆ: ಇದು ಕೆಟ್ಟಾಗ ಏನನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ? ಒಂದು ಬಗೆಯದು ಕೆಟ್ಟರೆ ಅದೊಂದೇ ಹೋಗುತ್ತದೆ. ಇನ್ನೊಂದು ಬಗೆಯದು ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲನ್ನೂ ಕೂಡಿಸಿಕೊಂಡು ಹೋಗುತ್ತದೆ. ಹೊಸನಗರದ ಹಳ್ಳಿಯೊಂದರಲ್ಲಿ ಜುಲೈ ತಿಂಗಳ ಮಳೆಯಲ್ಲಿ ಅದು ಕೆಟ್ಟರೆ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲು.

ತೆಗೆದು ಹಾಕುವ ಹಲ್ಲು

ಎಲ್ಲಕ್ಕಿಂತ ಅಗ್ಗದ್ದು ಗುಲಾಬಿ ಬಣ್ಣದ ಅಕ್ರಿಲಿಕ್ ತಟ್ಟೆಗೆ ಹಲ್ಲು ಕೂರಿಸಿ, ತಂತಿಯ ಕೊಕ್ಕೆಯಿಂದ ಪಕ್ಕದ ಹಲ್ಲಿಗೆ ಹಿಡಿಸುವ ಪಾರ್ಶಿಯಲ್ ಸೆಟ್. ಎರಡು ಮೂರು ಭೇಟಿಯಲ್ಲಿ ಮುಗಿಯುತ್ತದೆ, ಹಲ್ಲು ಕೊರೆಯುವುದಿಲ್ಲ, ಮುಂದೆ ಇನ್ನೊಂದು ಹಲ್ಲು ಹೋದರೆ ಅದೇ ತಟ್ಟೆಗೆ ಸೇರಿಸಬಹುದು. ತೊಂದರೆಯೆಂದರೆ ಅಗಿಯುವ ಭಾರವನ್ನೆಲ್ಲ ಒಸಡು ಹೊರುತ್ತದೆ. ಮೂಳೆ ಕರಗಿದಂತೆ ತಟ್ಟೆ ತಗ್ಗುತ್ತದೆ, ಕೊಕ್ಕೆ ಪಕ್ಕದ ಹಲ್ಲನ್ನು ಎಳೆಯುತ್ತದೆ.

ಇದರ ಸುಧಾರಿತ ರೂಪ ಕೋಬಾಲ್ಟ್–ಕ್ರೋಮಿಯಂ ಲೋಹದ ಎರಕದ ಪಾರ್ಶಿಯಲ್. ಇದರಲ್ಲಿ ಪಕ್ಕದ ಹಲ್ಲುಗಳ ಮೇಲೆ ಕೂರುವ ಸಣ್ಣ ‘ರೆಸ್ಟ್’ ಇರುತ್ತದೆ. ಅದಕ್ಕಾಗಿ ಹಲ್ಲಿನ ತಲೆಯಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಚಿಕ್ಕ ತಗ್ಗು ಮಾಡುತ್ತಾರೆ. ಭಾರ ಒಸಡಿನಿಂದ ಹಲ್ಲಿಗೆ ವರ್ಗಾವಣೆಯಾಗುತ್ತದೆ. ತಟ್ಟೆ ತೆಳುವಾದ್ದರಿಂದ ನಾಲಿಗೆಗೂ ಹಗುರ. ಮೂರು ನಾಲ್ಕು ಹಲ್ಲು ಅಲ್ಲಲ್ಲಿ ಹೋಗಿದ್ದವರಿಗೆ ಹಣಕ್ಕೆ ತಕ್ಕ ಬೆಲೆ ಕೊಡುವುದು ಇದೇ. ಕೇಳುವವರು ಕಡಿಮೆ, ಹಾಗಾಗಿ ಹೇಳುವವರೂ ಕಡಿಮೆ.

ಎಲ್ಲರೂ ಕೇಳುವುದು ‘ಫ್ಲೆಕ್ಸಿಬಲ್’. ನೈಲಾನ್ ಜಾತಿಯ, ಬಾಗುವ, ತಂತಿ ಕಾಣದ ಸೆಟ್. ನೋಡಲು ಚೆಂದ, ಬಿದ್ದರೂ ಒಡೆಯುವುದಿಲ್ಲ. ಆದರೆ ಅದು ಬಾಗುವುದೇ ಅದರ ದೋಷ ಕೂಡ: ಅಗಿದಾಗಲೆಲ್ಲ ಒಸಡನ್ನು ಒತ್ತಿ ಒತ್ತಿ ಪಕ್ಕದ ಹಲ್ಲಿನ ಬುಡದಿಂದ ಒಸಡು ಜಾರುವಂತೆ ಮಾಡುತ್ತದೆ. ಸಡಿಲವಾದರೆ ಅಕ್ರಿಲಿಕ್‌ನಂತೆ ಒಳಗೆ ಪದರ ಹಾಕಿ ಬಿಗಿ ಮಾಡುವುದು ಕಷ್ಟ, ಹೊಸ ಹಲ್ಲು ಸೇರಿಸುವುದೂ ಕಷ್ಟ. ಆರು ತಿಂಗಳು, ವರ್ಷದ ಮಟ್ಟಿಗೆ ಸರಿ.

ಒಂದೇ ಹಲ್ಲಿನ, ಒಂದೇ ಬದಿಯ ಪುಟ್ಟ ಸೆಟ್ಟಿನ ಬಗ್ಗೆ ಒಂದು ಎಚ್ಚರಿಕೆ. ನಿದ್ದೆಯಲ್ಲೋ ಊಟದಲ್ಲೋ ಅದು ಗಂಟಲಿಗಿಳಿಯಬಹುದು. ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಹುಡುಕುವುದೇ ಪಡಿಪಾಟಲು. ತೆಗೆದು ಹಾಕುವ ಹಲ್ಲು ಮಾಡಿಸುವುದಾದರೆ ದವಡೆಯ ಎರಡೂ ಬದಿಗೆ ಹಿಡಿತವಿರುವಂಥದ್ದನ್ನು ಮಾಡಿಸಿ, ರಾತ್ರಿ ತೆಗೆದಿಡಿ.

ಬ್ರಿಡ್ಜ್: ಪಕ್ಕದವರ ಹೆಗಲ ಮೇಲೆ

ಖಾಲಿ ಜಾಗದ ಎರಡೂ ಬದಿಯ ಹಲ್ಲನ್ನು ಕೊರೆದು, ಮೂರು ಕ್ಯಾಪ್ ಒಟ್ಟಿಗೆ ಬೆಸೆದು ಅಂಟಿಸುವುದು ಬ್ರಿಡ್ಜ್. ನಡುವಿನದು ಸುಳ್ಳು ಹಲ್ಲು. ಕೊರೆಯುವುದೆಂದರೆ ಎಷ್ಟು? ತಲೆಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್, ಸುತ್ತ ಒಂದರಿಂದ ಒಂದೂವರೆ. ಹಲ್ಲಿನ ಬಿಳಿ ಗಟ್ಟಿ ಪದರ ಬಹುಪಾಲು ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಕೊರೆದ ಹಲ್ಲುಗಳಲ್ಲಿ ಕೆಲವು ವರ್ಷಗಳ ಮೇಲೆ ಒಳಗಿನ ನರ ಸತ್ತು ರೂಟ್ ಕೆನಾಲ್ ಕೇಳುತ್ತವೆ.

ಆದ್ದರಿಂದ ತೀರ್ಮಾನ ಇರುವುದು ಪಕ್ಕದ ಹಲ್ಲುಗಳಲ್ಲಿ. ಅವೆರಡಕ್ಕೂ ಮೊದಲೇ ದೊಡ್ಡ ಫಿಲ್ಲಿಂಗ್ ಆಗಿದ್ದರೆ, ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯದು; ಎರಡು ಮೂರು ವಾರದಲ್ಲಿ ಗಟ್ಟಿ ಹಲ್ಲು ಸಿಗುತ್ತದೆ, ಶಸ್ತ್ರಚಿಕಿತ್ಸೆ ಇಲ್ಲ. ಎರಡೂ ಹುಳುಕಿಲ್ಲದ ಗಟ್ಟಿ ಹಲ್ಲಾಗಿದ್ದರೆ, ಒಂದರ ಸಲುವಾಗಿ ಎರಡನ್ನು ಕೊರೆಸುವುದು ನಷ್ಟದ ವ್ಯವಹಾರ. ಅವು ಅಲುಗಾಡುತ್ತಿದ್ದರಂತೂ ಬ್ರಿಡ್ಜ್ ಮಾತೇ ಬೇಡ. ಹಿಂದಿನ ಹಲ್ಲು ಆಗಲೇ ಮುಂದಕ್ಕೆ ವಾಲಿದ್ದರೆ ಎರಡು ಕ್ಯಾಪುಗಳು ಒಂದೇ ದಿಕ್ಕಿನಲ್ಲಿ ಇಳಿಯಲಾರವು. ಹಾಗೆ ಇಳಿಸಲು ಇನ್ನಷ್ಟು ಕೊರೆಯಬೇಕಾಗುತ್ತದೆ.

ಬ್ರಿಡ್ಜ್ ಸಾಮಾನ್ಯವಾಗಿ ಹತ್ತು, ಹದಿನೈದು ವರ್ಷ ನಿಲ್ಲುತ್ತದೆ. ಕೆಡುವ ಬಗೆ ಒಂದೇ ರೀತಿಯದು: ಎರಡು ಕ್ಯಾಪುಗಳಲ್ಲಿ ಒಂದರ ಸಿಮೆಂಟ್ ಬಿಡುತ್ತದೆ, ಇನ್ನೊಂದು ಹಿಡಿದೇ ಇರುತ್ತದೆ. ಬ್ರಿಡ್ಜ್ ಬೀಳುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಬಿಟ್ಟ ಕ್ಯಾಪಿನೊಳಗೆ ಎಂಜಲು, ಅನ್ನದ ಅಂಶ ಸೇರಿ ಹಲ್ಲು ಒಳಗೊಳಗೇ ಕೊಳೆಯುತ್ತದೆ. ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕನ್ನಡಿ ಮುಂದೆ ನಿಂತು ಬ್ರಿಡ್ಜಿನ ಒಂದು ತುದಿಯ ಮೇಲೆ ಬೆರಳಿಟ್ಟು ಒತ್ತಿ ಬಿಡಿ. ಒಸಡಿನ ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆ ಎದ್ದರೆ, ಅಥವಾ ಬೆರಳು ಮೂಸಿದಾಗ ಕೊಳೆತ ವಾಸನೆ ಬಂದರೆ ಆ ತುದಿ ಬಿಟ್ಟಿದೆ. ಆ ವಾರವೇ ಹೋದರೆ ಬಿಡಿಸಿ ಮತ್ತೆ ಅಂಟಿಸಬಹುದು. ‘ನೋವಿಲ್ಲವಲ್ಲ’ ಎಂದು ಒಂದು ಮಳೆಗಾಲ ತಳ್ಳಿದರೆ ಆ ಹಲ್ಲೂ ಹೋಗುವ ಸಾಧ್ಯತೆಯೇ ಹೆಚ್ಚು. ನಡುವಿನ ಸುಳ್ಳು ಹಲ್ಲಿನ ಅಡಿಗೆ ಬ್ರಶ್ಶಿನ ಎಳೆ ಹೋಗುವುದಿಲ್ಲ. ತುದಿ ಗಟ್ಟಿಯಿರುವ ಸೂಪರ್‌ಫ್ಲಾಸ್ ದಾರವನ್ನೋ, ಇಂಟರ್‌ಡೆಂಟಲ್ ಬ್ರಶ್ಶನ್ನೋ ಅಡಿಯಲ್ಲಿ ತೂರಿಸಿ ದಿನಕ್ಕೊಮ್ಮೆ ಎಳೆಯಬೇಕು. ಬೆರಳ ಗಂಟು ಹಿಡಿದು ಸೂಜಿಗೆ ದಾರ ಪೋಣಿಸಲಾಗದ ಕೈಗೆ ಇದು ಸಾಧ್ಯವೇ ಎಂದು ಅಂಟಿಸುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮುಂದಿನ ಒಂದೇ ಬಾಚಿ ಹಲ್ಲು ಹೋಗಿದ್ದರೆ ಮೇರಿಲ್ಯಾಂಡ್ ಬ್ರಿಡ್ಜ್ ಎಂಬುದೊಂದಿದೆ. ಪಕ್ಕದ ಒಂದು ಹಲ್ಲಿನ ಒಳಬದಿಗೆ ತೆಳು ರೆಕ್ಕೆಯೊಂದನ್ನು ಅಂಟಿಸುತ್ತಾರೆ. ಕೊರೆತ ಇಲ್ಲವೆನ್ನುವಷ್ಟು ಕಡಿಮೆ. ಕೆಟ್ಟರೆ ಅಂಟು ಬಿಟ್ಟು ಕೈಗೆ ಬರುತ್ತದೆ, ಅಷ್ಟೇ.

ಇಂಪ್ಲಾಂಟ್

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಟೈಟಾನಿಯಂ ಲೋಹವನ್ನು ಜೀವಂತ ಮೂಳೆ ತನ್ನದೆಂದು ಹಿಡಿದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡು, 1965ರಲ್ಲಿ ಮೊದಲ ರೋಗಿಯ ದವಡೆಗೆ ಅದರ ತಿರುಪು ಕೂರಿಸಿದರು. ಇಂದಿನ ಇಂಪ್ಲಾಂಟ್ ಅದೇ ತತ್ವದ್ದು: ಮೂರೂವರೆಯಿಂದ ಐದು ಮಿಲಿಮೀಟರ್ ದಪ್ಪ, ಎಂಟರಿಂದ ಹದಿಮೂರು ಮಿಲಿಮೀಟರ್ ಉದ್ದದ ತಿರುಪು, ಅದರ ಮೇಲೆ ಅಬಟ್‌ಮೆಂಟ್ ಎಂಬ ಕಂಬ, ಕಂಬದ ಮೇಲೆ ಕ್ಯಾಪ್. ಪಕ್ಕದ ಹಲ್ಲನ್ನು ಮುಟ್ಟುವುದೇ ಇಲ್ಲ ಎಂಬುದು ಇದರ ದೊಡ್ಡ ಗುಣ. ಹತ್ತು ವರ್ಷದ ಲೆಕ್ಕದಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ನಿಲ್ಲುತ್ತವೆ.

ವಯಸ್ಸೊಂದೇ ಇದಕ್ಕೆ ಅಡ್ಡಿಯಲ್ಲ. ಎಂಬತ್ತರ ಗಟ್ಟಿ ದೇಹಕ್ಕೆ ಕೂರಿಸಬಹುದು, ಐವತ್ತೈದರ ಹತೋಟಿ ತಪ್ಪಿದ ಶುಗರಿಗೆ ಬೇಡವೆನ್ನಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಏಳರ ಆಸುಪಾಸಿಗೆ ಬರುವವರೆಗೆ ಕಾಯುವುದು ಕ್ಷೇಮ. ರಕ್ತ ತೆಳು ಮಾಡುವ ಮಾತ್ರೆಯನ್ನು ಹಲ್ಲಿನ ಕೆಲಸಕ್ಕೆಂದು ತಾವಾಗಿ ನಿಲ್ಲಿಸಬಾರದು. ಒಸಡಿನಿಂದ ಒಸರುವ ರಕ್ತವನ್ನು ಹತ್ತಿಯಿಟ್ಟು ನಿಲ್ಲಿಸಬಹುದು, ಮೆದುಳಿನಲ್ಲಿ ಹೆಪ್ಪುಗಟ್ಟಿದ್ದನ್ನಲ್ಲ. ವಾರ್ಫರಿನ್ ನುಂಗುವವರು ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಐಎನ್‌ಆರ್ ಪರೀಕ್ಷೆಯ ಹೊಸ ಚೀಟಿ ತಂದರೆ ಸಾಕು, ಮುಂದಿನದನ್ನು ಇಬ್ಬರು ವೈದ್ಯರು ಮಾತಾಡಿಕೊಳ್ಳುತ್ತಾರೆ.

ಹಿರಿಯರು ಹೇಳಲು ಮರೆಯುವ ಇನ್ನೊಂದು ಔಷಧಿಯಿದೆ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಹಾಕುವ ಝೋಲೆಡ್ರೊನಿಕ್ ಆಸಿಡ್. ಇವು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಇವನ್ನು ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಅಥವಾ ಇಂಪ್ಲಾಂಟ್ ಕೊರೆದ ಜಾಗದ ಮೂಳೆ ಅಪರೂಪಕ್ಕೆ ಮಾಯದೆ ಸತ್ತು ಹೊರಗೆ ಕಾಣಿಸಿಕೊಳ್ಳುತ್ತದೆ; ಕ್ಯಾನ್ಸರಿಗೆಂದು ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ ಆ ಅಪಾಯ ಬಹಳ ಹೆಚ್ಚು. ‘ಅದು ಸೊಂಟದ ಮಾತ್ರೆ, ಹಲ್ಲಿಗೇನು ಸಂಬಂಧ’ ಎಂದು ಬಿಡದೆ, ನಿಲ್ಲಿಸಿ ಎರಡು ವರ್ಷವಾಗಿದ್ದರೂ ಹೇಳಬೇಕು.

ಕೆಲಸದ ಕ್ರಮ ಹೀಗಿರುತ್ತದೆ. ಮೊದಲು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್. ಅದರಲ್ಲಿ ಮೂಳೆಯ ಅಗಲ, ಎತ್ತರ, ಕೆಳದವಡೆಯೊಳಗೆ ಹಾಯುವ ನರದ ದೂರ ಅಳೆಯುತ್ತಾರೆ. ತಿರುಪಿನ ತುದಿಗೂ ನರಕ್ಕೂ ಎರಡು ಮಿಲಿಮೀಟರ್, ಪಕ್ಕದ ಹಲ್ಲಿಗೆ ಒಂದೂವರೆ ಮಿಲಿಮೀಟರ್ ಅಂತರ ಬೇಕು. ನರಕ್ಕೆ ತಗುಲಿದರೆ ಕೆಳತುಟಿ ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿ ಜೋಮು ಹಿಡಿದಂತಿರುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ನರದ ಬದಲು ಸೈನಸ್ ಎಂಬ ಗಾಳಿಗೂಡು ಅಡ್ಡ ಬರುತ್ತದೆ. ಅಲ್ಲಿ ಮೂಳೆ ಸಾಲದಿದ್ದರೆ ಸೈನಸ್ಸಿನ ತಳವನ್ನೆತ್ತಿ ಮೂಳೆಪುಡಿ ತುಂಬಬೇಕು, ಖರ್ಚೂ ಕಾಯುವಿಕೆಯೂ ಬೆಳೆಯುತ್ತವೆ.

ನಂತರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ಡ್ರಿಲ್ಲಿನಿಂದ ದೊಡ್ಡದಕ್ಕೆ ಹಂತ ಹಂತವಾಗಿ ಕೊರೆಯುತ್ತಾರೆ. ಉದ್ದಕ್ಕೂ ಸಲೈನ್ ನೀರು ಹರಿಯುತ್ತಿರಬೇಕು. ಮೂಳೆ ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಪದರ ಸಾಯುತ್ತದೆ, ಸತ್ತ ಮೂಳೆ ತಿರುಪನ್ನು ಹಿಡಿಯುವುದಿಲ್ಲ. ಮೊದಲ ಕೆಲವು ವಾರಗಳಲ್ಲೇ ಅಲುಗಾಡಿ ಬಂದುಬಿಡುವ ಇಂಪ್ಲಾಂಟುಗಳ ಕಾರಣಗಳಲ್ಲಿ ಇದೊಂದು. ಇನ್ನೊಂದು, ಹಿಡಿಯುವ ಮೊದಲೇ ಅದರ ಮೇಲೆ ಅಗಿದದ್ದು. ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೂಳೆ ಮೆದುವಾಗಿರುವ ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಕಾದು ಕ್ಯಾಪ್ ಕೂರಿಸುತ್ತಾರೆ. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತು ಪೂರ್ತಿ ಸುಳ್ಳಲ್ಲ, ಆದರೆ ತಿರುಪು ಆ ಕ್ಷಣವೇ ಬಿಗಿಯಾಗಿ ಕೂತ ಗಟ್ಟಿ ಮೂಳೆಯವರಿಗೆ ಮಾತ್ರ ಅದು ಸಲ್ಲುತ್ತದೆ.

ಈ ಕಾಯುವಿಕೆಯನ್ನು ಮಲೆನಾಡಿನ ಪಂಚಾಂಗಕ್ಕೆ ಹೊಂದಿಸಿಕೊಂಡರೆ ಓಡಾಟ ಸುಲಭ. ಅಡಿಕೆ ಸುಲಿತ ಮುಗಿಸಿ ಫೆಬ್ರವರಿಯಲ್ಲಿ ಕೆಳದವಡೆಗೆ ತಿರುಪು ಹಾಕಿಸಿದರೆ ಮುಂಗಾರು ಹಿಡಿಯುವ ಮೊದಲೇ ಮೇ ತಿಂಗಳಲ್ಲಿ ಕ್ಯಾಪ್ ಆಗುತ್ತದೆ. ಮೇಲ್ದವಡೆಯದಾದರೆ ಏಪ್ರಿಲ್ ಕೊನೆಗೆ ಹಾಕಿಸಿ, ಮಳೆಗಾಲವನ್ನೇ ಕಾಯುವ ಕಾಲ ಮಾಡಿಕೊಂಡು, ಅಕ್ಟೋಬರಿನಲ್ಲಿ ಮುಗಿಸಬಹುದು.

ಇಂಪ್ಲಾಂಟ್ ಹುಳುಕಾಗುವುದಿಲ್ಲ. ಸುತ್ತಲ ಮೂಳೆ ಮಾತ್ರ ಕೊಳೆಯುತ್ತದೆ. ಅಂಚಿನಲ್ಲಿ ಕಿಟ್ಟ ಕಟ್ಟಿ, ಒಸಡು ಊದಿ, ಮೂಳೆ ಬಟ್ಟಲಿನಂತೆ ಕೆಳಗಿಳಿಯುತ್ತದೆ. ನೈಜ ಹಲ್ಲಿನಂತೆ ಜುಂ ಅನ್ನುವ ಮುನ್ಸೂಚನೆ ಇರುವುದಿಲ್ಲ. ಬೀಡಿ ಸೇದುವವರಲ್ಲಿ, ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಲ್ಲಿ ಇದು ಹೆಚ್ಚು. ಇನ್ನೊಂದು ಸಣ್ಣ ತಾಪತ್ರಯ, ಒಳಗಿನ ಪುಟ್ಟ ಸ್ಕ್ರೂ ಸಡಿಲವಾಗುವುದು. ಅದನ್ನು ಬಿಗಿಯಲು ಆಯಾ ಕಂಪನಿಯದೇ ಸ್ಕ್ರೂಡ್ರೈವರ್ ಬೇಕು. ಎಂಟು ವರ್ಷದ ಮೇಲೆ ಹಾಕಿದ ವೈದ್ಯರು ಊರು ಬಿಟ್ಟಿದ್ದರೆ, ಬಾಯೊಳಗಿನದು ಯಾವ ಕಂಪನಿಯದೆಂದು ಯಾರಿಗೂ ತಿಳಿಯದೆ ಒದ್ದಾಟ. ತಿರುಪಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ; ಅದನ್ನು ಕೇಳಿ ಪಡೆದು ಪಹಣಿಯ ಜೊತೆಗೇ ಇಟ್ಟುಕೊಳ್ಳಿ. ದರ ಕೇಳುವಾಗಲೂ ‘ಇಂಪ್ಲಾಂಟಿಗೆ ಎಷ್ಟು’ ಎನ್ನಬೇಡಿ. ತಿರುಪು, ಅಬಟ್‌ಮೆಂಟ್, ಕ್ಯಾಪ್, ಸ್ಕ್ಯಾನ್, ಬೇಕಾದರೆ ಮೂಳೆಪುಡಿ, ಎಲ್ಲ ಸೇರಿ ಎಷ್ಟೆಂದು ಬರೆಸಿಕೊಳ್ಳಿ.

ಕವಳದ ಬಾಯಿ

ನಮ್ಮ ಕಡೆಯ ಬಾಯಿಗಳ ಲೆಕ್ಕ ಬೇರೆ. ನಲವತ್ತು ವರ್ಷ ಎಲೆ–ಅಡಿಕೆ ಹಾಕಿದವರ ದವಡೆ ಹಲ್ಲು ಒರಳಿನಂತೆ ಸವೆದು ಚಪ್ಪಟೆಯಾಗಿರುತ್ತದೆ. ಹಲ್ಲು ಗಿಡ್ಡವಾದಷ್ಟೂ ಕ್ಯಾಪಿಗೆ ಹಿಡಿತ ಕಡಿಮೆ, ಮೇಲೆ ಕೆಳಗಿನ ಹಲ್ಲಿನ ನಡುವೆ ಜಾಗವೂ ಕಡಿಮೆ. ಅಂಥಲ್ಲಿ ಪಿಂಗಾಣಿ ಹೊದಿಸಿದ ಕ್ಯಾಪ್ ಕೂರಿಸಿದರೆ ಅಡಿಕೆ ಹೋಳು ಸಿಕ್ಕಿದಾಗ ಚಕ್ಕೆ ಏಳುತ್ತದೆ. ಹಿಂಬದಿಗೆ ಪೂರ್ತಿ ಲೋಹದ ಅಥವಾ ಜಿರ್ಕೋನಿಯಾ ಕ್ಯಾಪೇ ವಾಸಿ. ಅಕ್ರಿಲಿಕ್ ಸೆಟ್ಟಿನ ಹಲ್ಲುಸಂದಿಗೆ ಕವಳದ ಕೆಂಪು ಹತ್ತಿದರೆ ಬಿಡುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಬಾಯಿ ತೆರೆಯುವ ಅಳತೆ. ತೋರು, ನಡು, ಉಂಗುರ ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋಗಬೇಕು. ಎರಡೇ ಹೋದರೆ, ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿ ಸಿಕ್ಕಿದರೆ, ಖಾರ ತಾಗಿದ ಕೂಡಲೇ ಉರಿದರೆ ಅದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಬಾಯಿ ಬಿಗಿಯುವ ರೋಗ ಇರಬಹುದು. ಅಂಥ ಬಾಯಿಗೆ ಹಿಂದಿನ ಹಲ್ಲಿನ ಡ್ರಿಲ್ ಇರಲಿ, ಅಳತೆ ತೆಗೆಯುವ ಟ್ರೇ ಕೂಡ ಒಳಗೆ ಹೋಗುವುದಿಲ್ಲ. ಹಲ್ಲಿಗಿಂತ ಮೊದಲು ಅದರ ತಪಾಸಣೆಯಾಗಬೇಕು. ತೋಟವೇ ಅನ್ನವಾಗಿರುವ ಸೀಮೆಯಲ್ಲಿ ಈ ಮಾತು ಹಿತವೆನಿಸದು, ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಹೊಗೆಸೊಪ್ಪಿಲ್ಲದಿದ್ದರೂ, ಅಡಿಕೆಯನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳಲ್ಲಿ ಸೇರಿಸಿದೆ. ಸೆಟ್ಟಿನ ಅಡಿಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ‘ಸೆಟ್ ಒತ್ತಿರಬೇಕು’ ಎಂದು ಸುಮ್ಮನಿರಬಾರದು.

ಎಲ್ಲ ಹಲ್ಲೂ ಹೋದವರಿಗೆ

ಪೂರ್ತಿ ಸೆಟ್ ಐದು ಭೇಟಿಯ ಕೆಲಸ: ಮೊದಲ ಅಳತೆ, ಅವರದೇ ದವಡೆಗೆ ಮಾಡಿದ ಟ್ರೇಯಲ್ಲಿ ಎರಡನೇ ಅಳತೆ, ಮೇಣದ ದಿಂಡಿನಿಂದ ದವಡೆಗಳ ಎತ್ತರ ಗೊತ್ತು ಮಾಡುವುದು, ಮೇಣದಲ್ಲೇ ಹಲ್ಲು ಜೋಡಿಸಿ ಹಾಕಿ ನೋಡುವುದು, ಕೊನೆಗೆ ಅಕ್ರಿಲಿಕ್ಕಿನದು. ನಾಲ್ಕನೇ ಭೇಟಿಗೆ ಮನೆಯವರು ಜೊತೆಗೆ ಹೋಗಬೇಕು. ಹಲ್ಲು ದೊಡ್ಡದೆನಿಸಿದರೆ, ಬಣ್ಣ ಅತಿ ಬಿಳಿಯೆನಿಸಿದರೆ ಅಂದು ಬದಲಿಸಬಹುದು, ಆಮೇಲಲ್ಲ. ಮೇಲಿನ ಸೆಟ್ ಅಂಗುಳಿಗೆ ಕಚ್ಚಿ ನಿಲ್ಲುತ್ತದೆ. ಕೆಳಗಿನದಕ್ಕೆ ಅಷ್ಟು ಜಾಗವೂ ಇಲ್ಲ, ನಾಲಿಗೆ ಸುಮ್ಮನಿರುವುದೂ ಇಲ್ಲ. ‘ಕೆಳಗಿನದು ಎದ್ದೆದ್ದು ಬರುತ್ತೆ’ ಎಂಬ ದೂರಿನಲ್ಲಿ ಎಲ್ಲ ಸಲವೂ ಮಾಡಿದವರ ತಪ್ಪಿರುವುದಿಲ್ಲ.

ಇದಕ್ಕೆ ಎರಡು ಪರಿಹಾರ. ಕೋರೆ ಹಲ್ಲುಗಳ ಬೇರು ಗಟ್ಟಿಯಿದ್ದರೆ ಕೀಳದೆ ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಕತ್ತರಿಸಿ ಅದರ ಮೇಲೆ ಸೆಟ್ ಕೂರಿಸುವುದು. ಬೇರಿದ್ದಷ್ಟು ದಿನ ಅಲ್ಲಿನ ಮೂಳೆ ಉಳಿಯುತ್ತದೆ. ಬೇರಿಲ್ಲದಿದ್ದರೆ ಕೆಳದವಡೆಯ ಮುಂಭಾಗಕ್ಕೆ ಎರಡೇ ಇಂಪ್ಲಾಂಟ್ ಹಾಕಿ, ಒತ್ತುಗುಂಡಿಯಂತೆ ಸೆಟ್ಟನ್ನು ಅದಕ್ಕೆ ಕಚ್ಚಿಸುವುದು. ಕೆಳದವಡೆಗೆ ಮೊದಲ ಆಯ್ಕೆಯೇ ಇದಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಗುಂಡಿಯೊಳಗಿನ ರಬ್ಬರು ಅಥವಾ ನೈಲಾನ್ ಬಳೆ ಸವೆಯುತ್ತದೆ, ಆಗಾಗ ಬದಲಿಸಬೇಕು.

ಬಿಪಿಎಲ್ ಕುಟುಂಬದ ಹಿರಿಯರಿಗೆ ಪೂರ್ತಿ ಸೆಟ್ ಉಚಿತವಾಗಿ ಸಿಗಲೆಂದು ರಾಜ್ಯ ಸರ್ಕಾರ ತಂದದ್ದು ದಂತ ಭಾಗ್ಯ ಯೋಜನೆ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಕಾರ್ಡ್ ತೋರಿಸಿ ಈಗಿನ ನಿಯಮ ಕೇಳಬಹುದು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಉಪನ್ಯಾಸಕರ ಕಣ್ಣೆದುರು ಮಾಡುವ ಕೆಲಸಕ್ಕೆ ಖರ್ಚು ಕಡಿಮೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಸಂತೆ, ಜಾತ್ರೆಯ ಬದಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ‘ಫಿಕ್ಸ್ ಹಲ್ಲು’ ಮಾಡುವವರು ಪಕ್ಕದ ಹಲ್ಲಿಗೆ ತಂತಿ ಸುತ್ತಿ ಹಸಿ ಅಕ್ರಿಲಿಕ್ ಮೆತ್ತುತ್ತಾರೆ. ಅದನ್ನು ತೊಳೆಯಲು ಬರುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಬಿಚ್ಚುವ ದಿನ ಪಕ್ಕದ ಹಲ್ಲೂ ಕೈಗೆ ಬರುತ್ತದೆ.

ಸೆಟ್ಟನ್ನು ತೊಳೆಯುವ ಜಾಗ ಬಚ್ಚಲೇ ಆದ್ದರಿಂದ ಒಂದು ಮಾತು: ಹಂಡೆಯ ಬಿಸಿನೀರಿಗೆ ಅದ್ದಬೇಡಿ, ಅಕ್ರಿಲಿಕ್ ಸೊಟ್ಟಗಾಗುತ್ತದೆ. ಉಮಿಕರಿ ಬೇಡ, ಟೂತ್‌ಪೇಸ್ಟೂ ಬೇಡ; ಎರಡೂ ಗೀರು ಹಾಕುತ್ತವೆ, ಗೀರಿನಲ್ಲಿ ಬೂಷ್ಟು ಕೂರುತ್ತದೆ. ಮೆದು ಬ್ರಶ್ಶಿಗೆ ಕೈ ತೊಳೆಯುವ ಸೋಪು ಸಾಕು. ಕೆಳಗೆ ನೀರು ತುಂಬಿದ ಬೇಸಿನ್ ಇಟ್ಟುಕೊಂಡು ತೊಳೆದರೆ ಜಾರಿ ಬಿದ್ದರೂ ಒಡೆಯುವುದಿಲ್ಲ. ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ತೆರೆದಿಟ್ಟ ಸೆಟ್ಟನ್ನು ಕಚ್ಚಿಕೊಂಡು ಹೋಗಲು ಮನೆಯ ನಾಯಿ ಕಾದಿರುತ್ತದೆ.

ಹೊಸ ಸೆಟ್ಟಿನ ಅಗಿಯುವ ಬಲ ನೈಜ ಹಲ್ಲಿನದರ ಕಾಲು ಭಾಗವೂ ಇರುವುದಿಲ್ಲ. ಮೊದಲ ವಾರ ಗಂಜಿ, ಮೆತ್ತಗಿನ ಕಡುಬು. ಎರಡನೇ ವಾರ ಅಕ್ಕಿರೊಟ್ಟಿಯನ್ನು ಚಿಕ್ಕದಾಗಿ ಮುರಿದು, ಎರಡೂ ಬದಿಗೆ ಒಂದೊಂದು ಚೂರಿಟ್ಟು ಒಟ್ಟಿಗೇ ಅಗಿಯಬೇಕು; ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಏಳುತ್ತದೆ. ಚಕ್ಕುಲಿಗೆ ತಿಂಗಳು ಬೇಕು. ಅಪ್ಪೆಮಿಡಿಯನ್ನು ಮಾತ್ರ ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆಯುವ ಆಸೆ ಬಿಟ್ಟು, ಚಾಕುವಿನಲ್ಲಿ ಹೆಚ್ಚಿಕೊಂಡೇ ತಿನ್ನಬೇಕು.